ಬಿಳೇಕಹಳ್ಳಿ ಗಡಿ ದಾಟಿದರೆ

ಒಂಟಿ ಗೆಜ್ಜೆಯ ಸದ್ದು ಅದು. ಕಾಲ್ಗೆಜ್ಜೆಯ ಹಾಗೆ ಗುಂಪಾಗಿ ಝಲ್ ಝಲ್ ಅನ್ನುವುದಲ್ಲ. ಒಂದೇ ಒಂದು ಹಿತ್ತಾಳೆ ಗೆಜ್ಜೆ, ಈಗ ಟಿಣ್ ಅಂತ ಅಡುಗೆಮನೆಯಲ್ಲಿ, ಸ್ವಲ್ಪ ಹೊತ್ತಿಗೆ ದೇವರಮನೆಯಲ್ಲಿ, ಆಮೇಲೆ ಹಿತ್ತಲಲ್ಲಿ. ಅಜ್ಜಿ ಎಲ್ಲಿದ್ದಾರೆ ಅಂತ ನಮ್ಮ ಮನೆಯಲ್ಲಿ ಯಾರೂ ಕೂಗಿ ಕೇಳಬೇಕಾಗಿರಲಿಲ್ಲ. ಅಜ್ಜಿಯ ಸೊಂಟದಲ್ಲಿ ನಶ್ಯದ ಡಬ್ಬಿ ಇಟ್ಟುಕೊಳ್ಳುವ ಒಂದು ಬಟ್ಟೆ ಚೀಲ ಇತ್ತು. ಆ ಚೀಲದೊಳಗೆ ನಮ್ಮ ಟ್ರ್ಯಾಕ್ಟರಿನ ಕೀ. ಕೀ ಮನೆಯಲ್ಲಿ ಇರುವಷ್ಟು ಹೊತ್ತೂ ಅದಕ್ಕೆ ಕಟ್ಟಿದ ಗೆಜ್ಜೆ ಚೀಲದ ಹೊರಗೆ ತೂಗಾಡುತ್ತಿತ್ತು. ಯಾರಾದರೂ ಎಳೆದರೆ ಸದ್ದಾಗಲಿ ಅಂತ ಅಪ್ಪ ಮಾಡಿದ ವ್ಯವಸ್ಥೆ ಅದು. ಅಪ್ಪ ಅದನ್ನು ‘ಅಲಾರಂ’ ಅನ್ನುತ್ತಿದ್ದರು. ಅಜ್ಜಿ ‘ನನ್ನನ್ನ ಬಸವನ ಮಾಡಿಟ್ಟಿದ್ದಾನೆ’ ಅನ್ನುತ್ತಿದ್ದರು.

ನಮ್ಮ ಜಯನಗರದ ಮನೆ ಆಗಿನ್ನೂ ಹೊಸದು. ಸುತ್ತ ಗುರುತಿನ ಕಲ್ಲು ನೆಟ್ಟ ಖಾಲಿ ಸೈಟುಗಳು, ಜಾಲಿ ಮುಳ್ಳು. ತಾತನ ಕಾಲದ ಎಂಟು ಎಕರೆ ಹೊಲ ಇದ್ದದ್ದು ಬಿಳೇಕಹಳ್ಳಿಯಲ್ಲಿ, ಮನೆಯಿಂದ ಮೂರು ಮೈಲಿ ಆಚೆ. ಅಪ್ಪ ಸರ್ಕಾರಿ ಕಛೇರಿಯಲ್ಲಿ ಫೈಲು ನೋಡುವವರು. ನೇಗಿಲು ಹಿಡಿದವರಲ್ಲ. ಆದರೆ ಯಾರದೋ ಎಸ್ಟೇಟಿನಿಂದ ಸೆಕೆಂಡ್‌ಹ್ಯಾಂಡ್ ಟ್ರ್ಯಾಕ್ಟರ್ ಮಾರಾಟಕ್ಕಿದೆ ಅಂತ ಕೇಳಿದ್ದೇ ತಡ, ಮಾಡರ್ನ್ ಫಾರ್ಮಿಂಗ್ ಅನ್ನುವ ಹುಚ್ಚು ಹಿಡಿಯಿತು. ಬೂದು ಬಣ್ಣದ, ಪರದೇಶದ ಗಾಡಿ. ಅದು ಬಂದ ದಿನ ಬಿಳೇಕಹಳ್ಳಿಯ ಹೆಂಗಸರೆಲ್ಲ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದರು. ಅವತ್ತಿನಿಂದ ಅಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ.

ಸುತ್ತಮುತ್ತ ಕಳ್ಳತನ ಇಲ್ಲದೆ ಇರಲಿಲ್ಲ. ಉತ್ತರಹಳ್ಳಿ ಕಡೆ ಯಾರದೋ ಬಾವಿಯ ಪಂಪು ಹೋಯಿತು ಅಂತ ಸುದ್ದಿ ಬಂದಿತ್ತು. ಹಳ್ಳಿಯ ರೈತರು ಸಂಜೆ ನೇಗಿಲನ್ನು ಹೊಲದಲ್ಲೇ ಬಿಟ್ಟು, ಅದರ ತುದಿಯ ಕಬ್ಬಿಣದ ಕುಳವನ್ನು ಮಾತ್ರ ಕಳಚಿಕೊಂಡು ಮನೆಗೆ ಒಯ್ಯುತ್ತಿದ್ದರು. ಬರೀ ಮರ ಯಾರಿಗೆ ಬೇಕು? ಅಪ್ಪ ಇದನ್ನು ನೋಡಿ ಟ್ರ್ಯಾಕ್ಟರಿನ ಸುತ್ತ ಮೂರು ಸುತ್ತು ಬಂದರಂತೆ. ಅದರಲ್ಲಿ ಕಳಚಿ ಮನೆಗೆ ತರಬಹುದಾದ್ದು ಕೀ ಒಂದೇ. ಸರಿ, ಕೀ ಮನೆಗೆ ಬಂತು. ಇನ್ನೊಂದು ಸ್ಪೇರ್ ಕೀ ಇತ್ತಲ್ಲ, ಅದನ್ನು ಹೊಲದ ಬಾವಿಗೆ ಎಸೆದುಬಿಟ್ಟರು. ‘ಒಂದೇ ಕೀ ಇದ್ರೆ ಒಂದೇ ಕಡೆ ಕಾದ್ರೆ ಸಾಕು’ ಅನ್ನುವುದು ಅವರ ಲಾಜಿಕ್.

ಊಟಕ್ಕೆ ಕೂತವರು ಕಲಸಿದ ಅನ್ನ ಕೈಯಲ್ಲಿ ಹಿಡಿದೇ ಎದ್ದುಬಿಡುವರು.

‘ಷೆಡ್ಡಿಗೆ ಬೀಗ ಬಿದ್ದದ್ದನ್ನ ನಾನೇ ನೋಡಿದ್ನಾ?’

‘ನೀವೇ ನೋಡಿದ್ರಿ. ಎಳೆದೂ ನೋಡಿದ್ರಿ. ಆಗ್ಲೇ ಎರಡು ಸಲ ಹೇಳಿದ್ರಿ’ ಅಂತ ಅಮ್ಮ. ‘ಕೂತ್ಕೊಳ್ಳಿ, ಸಾರು ಆರ್ತಿದೆ.’

ಆ ತಳಮಳ ನನಗೂ ಅಂಟಿತು. ಕಾನ್ವೆಂಟಿನಲ್ಲಿ ಸಿಸ್ಟರ್ ನನ್ನನ್ನು ‘ಮಿಸ್ ಫಿಜೆಟ್’ ಅನ್ನುತ್ತಿದ್ದರು. ಈಗಲೂ ಮನೆ ಬಿಡುವ ಮುಂಚೆ ಗ್ಯಾಸಿನ ನಾಬನ್ನು ಮೂರು ಸಲ ಮುಟ್ಟಿ ನೋಡುವ ಮುದುಕಿ ನಾನು.

ಕೀ ಜಯನಗರದಲ್ಲಿ, ಟ್ರ್ಯಾಕ್ಟರ್ ಬಿಳೇಕಹಳ್ಳಿಯಲ್ಲಿ. ನಡುವೆ ದಿನಾ ಸೈಕಲ್ ತುಳಿದವರು ನಮ್ಮ ಡ್ರೈವರ್. ಬಿಳೇಕಹಳ್ಳಿಯವರೇ, ಮಿಲಿಟರಿಯಲ್ಲಿ ಲಾರಿ ಓಡಿಸಿ ಬಂದವರು, ನಲವತ್ತರ ಆಸುಪಾಸು. ಮನೆಯಲ್ಲಿ ದೊಡ್ಡವರೆಲ್ಲ ಅವರನ್ನು ‘ಅವನು’ ಅನ್ನುತ್ತಿದ್ದರು. ನಾನು ಡ್ರೈವರಣ್ಣ ಅನ್ನುತ್ತಿದ್ದೆ, ಆದರೂ ‘ಡ್ರೈವರಣ್ಣ ಬಂದ’ ಅಂತಲೇ. ಈಗ ಬರೆಯುವಾಗ ‘ಬಂದರು’ ಅಂತ ಬರೆಯುತ್ತೇನೆ. ತಡವಾಯಿತು, ಗೊತ್ತು.

ಬೆಳಗ್ಗೆ ಏಳಕ್ಕೆಲ್ಲ ಅವರು ನಮ್ಮ ಗೇಟಿನ ಹತ್ತಿರ. ಆದರೆ ಆ ಹೊತ್ತಿಗೆ ಅಜ್ಜಿ ಮಡಿ. ಸ್ನಾನ ಮಾಡಿ ಮಡಿಸೀರೆ ಉಟ್ಟು ದೇವರಮನೆಗೆ ಹೋದರೆ ಪೂಜೆ ಮುಗಿಯುವ ತನಕ ಯಾರೂ ಅವರನ್ನು ಮುಟ್ಟುವ ಹಾಗಿಲ್ಲ, ನಾವ್ಯಾರೂ ಆ ಹೊಸ್ತಿಲು ದಾಟುವ ಹಾಗಿಲ್ಲ. ಚೀಲ ಇದ್ದದ್ದು ಆ ಹೊಸ್ತಿಲ ಒಳಗಡೆ. ಅಪ್ಪ ಆ ಜಾಗ ಆರಿಸಿದ್ದೇ ಅದಕ್ಕೆ. ‘ಬ್ಯಾಂಕಿನ ಲಾಕರ್‌ಗೂ ಇಷ್ಟು ಸೆಕ್ಯೂರಿಟಿ ಇಲ್ಲ’ ಅನ್ನುವರು. ಡ್ರೈವರಣ್ಣ ಹೊರಗಿನ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು. ಅಜ್ಜಿಗೆ ಯಾವ ಅವಸರವೂ ಇಲ್ಲ. ಒಂದೊಂದು ದೇವರಿಗೂ ಒಂದೊಂದು ಹೂವು, ಮಧ್ಯೆ ಒಂದು ಹಳೆಯ ನೆನಪು, ಒಂದು ನಿಟ್ಟುಸಿರು. ಕಡೆಗೆ ಟಿಣ್ ಅಂತ ಹೊರಗೆ ಬಂದು, ಮೇಲಿನಿಂದ ಅವರ ಬೊಗಸೆಗೆ ಕೀ ಬಿಡುವರು.

‘ಇವತ್ತು ಯಾವ ದೇವ್ರು ತಡ ಮಾಡಿದ್ರು ಅಮ್ಮಾವ್ರೆ?’

‘ನಿನಗ್ಯಾಕೋ? ನಿನ್ನ ಟ್ಯಾಕ್ಟ್ರು ಓಡಿಹೋಗುತ್ತಾ?’

‘ಅದು ಓಡೋಗ್ದೇ ಇರ್ಲಿ ಅಂತಲ್ವರಾ ಈ ಕತೆಯೆಲ್ಲ?’

ಸಂಜೆ ಮತ್ತೆ ಮೂರು ಮೈಲಿ ತುಳಿದು ಬಂದು ಕೀಯನ್ನು ಮೆಟ್ಟಿಲ ಮೇಲೆ ಇಡುವರು. ಅಜ್ಜಿ ಅದಕ್ಕೆ ನೀರು ಚಿಮುಕಿಸಿ ಎತ್ತಿಕೊಳ್ಳುವರು. ಮಾರನೆಯ ದಿನ ಮತ್ತೆ ಹಾಗೇ.

ಇಷ್ಟಾದರೂ ಅಪ್ಪನಿಗೆ ಸಮಾಧಾನ ಇಲ್ಲ. ಒಂದು ಭಾನುವಾರ ಬೋರ್ಡು ಬರೆಯುವವನನ್ನು ಕರೆಸಿ ಟ್ರ್ಯಾಕ್ಟರಿನ ಹಿಂದಿನ ಎರಡೂ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಬರೆಸಿದರು: ‘ಈ ಟ್ರ್ಯಾಕ್ಟರ್ ಬಿಳೇಕಹಳ್ಳಿ ಗಡಿ ದಾಟಿದರೆ ಕಳವಿನ ಮಾಲೆಂದು ತಿಳಿಯುವುದು.’ ಆ ‘ತಿಳಿಯುವುದು’ ಅವರ ಕಛೇರಿಯಿಂದ ಬಂದದ್ದು.

‘ಸಾರ್, ರಿಪೇರಿಗೆ ಹೋಗೋದಿದ್ರೆ?’ ಅಂತ ಬಣ್ಣದವನು ಕೇಳಿದನಂತೆ.

‘ನೀನು ಬರಿಯಯ್ಯ’ ಅಂದರಂತೆ ಅಪ್ಪ.

ರಿಪೇರಿಗೆ ಹೋಗುವ ದಿನವೂ ಬಂತು. ಲಾಲ್‌ಬಾಗಿನ ಹತ್ತಿರ ಒಬ್ಬ ಪೇದೆ ಅಡ್ಡ ನಿಂತು, ಮಡ್‌ಗಾರ್ಡನ್ನು ಅಕ್ಷರ ಕೂಡಿಸಿ ಓದಿ, ‘ಇಳಿಯೋ ಕೆಳಗೆ’ ಅಂದ. ‘ನೀವೇ ಓದಿದ್ರಲ್ಲ ಸಾಮಿ, ನಾನಿನ್ನೇನು ಹೇಳ್ಲಿ’ ಅಂದರಂತೆ ಡ್ರೈವರಣ್ಣ. ಅರ್ಧ ದಿನ ಠಾಣೆಯ ಬೆಂಚಿನ ಮೇಲೆ ಕೂತಿದ್ದರು. ಅಪ್ಪ ಕಛೇರಿ ಬಿಟ್ಟು ಓಡಿ ಬಿಡಿಸಿಕೊಂಡು ಬಂದವರು, ಬೇಜಾರಾಗುವ ಬದಲು ಮಕ್ಕಳ ಹಾಗೆ ಖುಷಿಯಾಗಿದ್ದರು. ‘ನೋಡಿದ್ರಾ? ಬೋರ್ಡು ಕೆಲಸ ಮಾಡ್ತು!’ ಡ್ರೈವರಣ್ಣ ಮೆಟ್ಟಿಲ ಮೇಲೆ ಕೂತು ಅಮ್ಮ ಕೊಟ್ಟ ಕಾಫಿ ಕುಡಿಯುತ್ತಿದ್ದರು. ನಾವೆಲ್ಲ ನಕ್ಕೆವು. ಅವರು ನಕ್ಕರೋ ಇಲ್ಲವೋ ನಾನು ನೋಡಲಿಲ್ಲ.

ನನಗೆ ಹನ್ನೆರಡು ವರ್ಷ ಆಗಿದ್ದಾಗಿನ ಬೇಸಗೆ ರಜೆ. ಎರಡು ದಿನ ಚೆನ್ನಾಗಿ ಮಳೆ ಬಿದ್ದಿತ್ತು. ಅಪ್ಪ ಅಜ್ಜಿಯನ್ನು ನಂಜನಗೂಡಿಗೆ ಕರೆದುಕೊಂಡು ಹೋಗಿದ್ದರು, ಬರುವುದು ನಾಳಿದ್ದು. ಹೋಗುವ ಗಡಿಬಿಡಿಯಲ್ಲಿ ಚೀಲ ಅಜ್ಜಿಯ ಸೊಂಟದಲ್ಲೇ ಹೋಗಿಬಿಟ್ಟಿತ್ತು. ಡ್ರೈವರಣ್ಣ ಬೆಳಗ್ಗೆ ಬಂದು ಮೆಟ್ಟಿಲ ಮೇಲೆ ಕೂತರು. ಗೆಜ್ಜೆಯ ಸದ್ದಿಲ್ಲ. ಅಮ್ಮ ವಿಷಯ ಹೇಳಿದಾಗ ಆಕಾಶ ನೋಡಿದರು, ಎದ್ದರು. ‘ಹೊಲಾನಾದ್ರೂ ನೋಡ್ಕೊಂಬತ್ತೀನಿ’ ಅಂದರು. ನಾನೂ ಬರ್ತೀನಿ ಅಂತ ಹಟ ಮಾಡಿದೆ. ಮನೆಯಲ್ಲಿ ನನ್ನ ಓಡಾಟ ತಡೆಯಲಾರದೆ ಅಮ್ಮ, ‘ಹೋಗು, ಬರ್ತಾ ಬದನೆಕಾಯಿ ಕಿತ್ಕೊಂಡು ಬಾ’ ಅಂದರು. ಸೈಕಲ್ಲಿನ ಕ್ಯಾರಿಯರ್ ಮೇಲೆ ಹೊರಟೆ.

ಹೊಲದಲ್ಲಿ ಅವರು ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಅದುಮಿದರು. ಉಂಡೆಯಾಯಿತು. ಬೆರಳಿಂದ ಒತ್ತಿದರೆ ಪುಡಿಯಾಯಿತು.

‘ಹದ ಅಂದ್ರೆ ಇದು ಅಮ್ಮಣ್ಣಿ. ಇವತ್ತೊಂದು ದಿನ. ನಾಳಿದ್ದಿಗೆ ಗಾರೆ ಆಗೋಯ್ತದೆ.’

ಅಕ್ಕಪಕ್ಕದ ಹೊಲಗಳಲ್ಲೆಲ್ಲ ಎತ್ತು ಹೂಡಿಯಾಗಿತ್ತು. ಯಾರದೂ ಖಾಲಿ ಇರಲಿಲ್ಲ. ಡ್ರೈವರಣ್ಣ ಷೆಡ್ಡಿನ ಬಾಗಿಲು ತೆಗೆದರು. ಅದರ ಬೀಗದ ಕೈ ಅವರ ಹತ್ತಿರವೇ ಇರುತ್ತಿತ್ತು. ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಬಂದರು. ಹೊರಗೆ ಹೋಗಿ ಹೊಲ ನೋಡಿದರು. ಮತ್ತೆ ಒಳಗೆ ಬಂದರು. ಅವರು ಹೀಗೆ ಚಡಪಡಿಸಿದ್ದನ್ನು ನಾನು ಮುಂಚೆ ನೋಡಿರಲಿಲ್ಲ. ಅದು ಅಪ್ಪನ ಕೆಲಸ.

ಕಡೆಗೆ ನನ್ನ ಕಡೆ ತಿರುಗಿ, ‘ಅಮ್ಮಣ್ಣಿ, ನಿಮ್ಮ ತಲೇದು ಒಂದು ಪಿನ್ನು ಕೊಡ್ತೀರಾ?’ ಅಂದರು.

ಕೊಟ್ಟೆ. ‘ಅತ್ಲಾಗೆ ತಿರುಕ್ಕೊಳ್ಳಿ’ ಅಂದರು. ತಿರುಗಲಿಲ್ಲ. ಪಿನ್ನನ್ನು ಮಡಚಿ ಕೀ ಹಾಕುವ ಸಂದಿಗೆ ತೂರಿಸಿ, ಅಜ್ಜಿ ದೇವರ ದೀಪದ ಬತ್ತಿ ಸರಿಮಾಡುವ ಹಾಗೆ ಮೆಲ್ಲಗೆ ತಿರುಗಿಸಿದರು. ಒಂದು ಕೆಮ್ಮು, ಇನ್ನೊಂದು ಕೆಮ್ಮು, ಆಮೇಲೆ ದಡ ದಡ ದಡ. ಷೆಡ್ಡಿನ ತಗಡೆಲ್ಲ ನಡುಗಿತು. ಎರಡು ನಿಮಿಷದ ಕೆಲಸವೂ ಅಲ್ಲ.

‘ಯಾವಾಗಿಂದ ಗೊತ್ತು ನಿನಗೆ?’ ಅಂತ ಕಿರುಚಿ ಕೇಳಿದೆ.

‘ತಂದ ದಿನದಿಂದ! ಮೊಳೆ ಹಾಕಿದ್ರೂ ತಿರುಗ್ತದೆ ಇದು!’

ಸಂಜೆಯ ತನಕ ಉತ್ತರು. ನಾನು ಬದುವಿನ ಮೇಲೆ ಕೂತು, ಎದ್ದು, ಮತ್ತೆ ಕೂತು ನೋಡುತ್ತಿದ್ದೆ. ಬೆಳಗ್ಗೆ ಮೂರು ಮೈಲಿ, ಸಂಜೆ ಮೂರು ಮೈಲಿ, ಮೆಟ್ಟಿಲ ಮೇಲೆ ಅಷ್ಟು ಹೊತ್ತು. ಯಾತಕ್ಕೆ? ಎಂಟು ಎಕರೆ ಮುಗಿದ ಮೇಲೆ ಪಿನ್ನನ್ನು ಸೀಮೆಎಣ್ಣೆಯಲ್ಲಿ ಒರೆಸಿ, ನೆಟ್ಟಗೆ ಮಾಡಿ ವಾಪಸು ಕೊಟ್ಟರು. ಯಾರಿಗೂ ಹೇಳಬೇಡಿ ಅಂತ ಹೇಳಲಿಲ್ಲ. ಹೇಳಿದ್ದರೆ ನಾನು ಹೇಳುತ್ತಿರಲಿಲ್ಲವೇನೋ.

ನಂಜನಗೂಡಿಂದ ಬಂದ ಅಪ್ಪ ಉತ್ತ ಹೊಲ ನೋಡಿ, ‘ಯಾರದೋ ಎತ್ತು ಹೊಡೆಸಿದ್ಯಾ? ಒಳ್ಳೇದಾಯ್ತು’ ಅಂದರು. ಡ್ರೈವರಣ್ಣ ಬಾಯಿ ತೆರೆದರು. ಅಷ್ಟರಲ್ಲಿ ಅಪ್ಪ ಷೆಡ್ಡಿನ ಬೀಗ ಎಳೆದು ನೋಡಲು ಹೋಗಿಯಾಗಿತ್ತು.

ಶಾಲೆ ಶುರುವಾಯಿತು. ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಸಿಸ್ಟರ್ ಒಂದು ಕಾಂಪೊಸಿಷನ್ ಕೊಟ್ಟರು: ‘ಆ್ಯನ್ ಆನೆಸ್ಟ್ ಮ್ಯಾನ್’. ಉಳಿದ ಹುಡುಗಿಯರೆಲ್ಲ ದೊಡ್ಡ ದೊಡ್ಡವರ ಬಗ್ಗೆ ಬರೆದರು. ನಾನು ಡ್ರೈವರಣ್ಣನ ಬಗ್ಗೆ ಬರೆದೆ, ಒಂದೂವರೆ ಪುಟ. ಕೀಯೇ ಬೇಡದ ಮನುಷ್ಯ ಪ್ರತಿದಿನ ಕೀಗೋಸ್ಕರ ಬಂದು ಕಾಯುತ್ತಾನೆ, ಬಾಗಿಲು ತೆರೆದೇ ಇದೆ ಅಂತ ಗೊತ್ತಿದ್ದೂ ಬಾಗಿಲು ತಟ್ಟುತ್ತಾನೆ ಅಂತ. ಹೇರ್‌ಪಿನ್ ವಿಷಯ ಪೂರ್ತಿ ಬರೆದೆ, ಅದಿಲ್ಲದೆ ಕತೆ ನಿಲ್ಲುತ್ತಿರಲಿಲ್ಲ. ಸಿಸ್ಟರ್ ಅದನ್ನು ಕ್ಲಾಸಿಗೆಲ್ಲ ಓದಿ ಹೇಳಿದರು. ಕೆಳಗೆ ‘ವೆರಿ ಗುಡ್. ಪೇರೆಂಟ್ಸ್ ಪ್ಲೀಸ್ ಸೀ ಅಂಡ್ ಸೈನ್’ ಅಂತ ಬರೆದರು. ನೋಟ್‌ಬುಕ್ಕನ್ನು ಎದೆಗೆ ಅವುಚಿಕೊಂಡು ಬಸ್ಸಿನಲ್ಲಿ ಬಂದೆ. ಅಪ್ಪನಿಗೆ ಎಷ್ಟು ಹೆಮ್ಮೆಯಾದೀತು, ಡ್ರೈವರಣ್ಣನನ್ನು ಹೇಗೆ ಹೊಗಳಿಯಾರು ಅಂತ ದಾರಿಯುದ್ದಕ್ಕೂ ನನ್ನೊಳಗೇ ಮಾತು.

ಅಪ್ಪ ನಿಂತೇ ಓದಿದರು. ಕಛೇರಿಯ ಕೆಂಪು ಪೆನ್ಸಿಲ್ ತೆಗೆದು, ಫೈಲಿನಲ್ಲಿ ಗೆರೆ ಎಳೆಯುವ ಹಾಗೆ, ಒಂದು ವಾಕ್ಯದ ಕೆಳಗೆ ಗೆರೆ ಎಳೆದರು: ‘ಹಿ ಕ್ಯಾನ್ ಸ್ಟಾರ್ಟ್ ಇಟ್ ವಿತ್ ಎನಿಥಿಂಗ್.’ ಆಮೇಲೆ ಸಹಿ ಹಾಕಿದರು, ತಾರೀಖು ಸಮೇತ.

ಮಾರನೆಯ ಬೆಳಗ್ಗೆ ಡ್ರೈವರಣ್ಣ ಬಂದು ಮೆಟ್ಟಿಲ ಮೇಲೆ ಕೂರುವ ಮುಂಚೆಯೇ ಅಪ್ಪ ಹೊರಗೆ ನಿಂತಿದ್ದರು.

‘ಕೀ ಇಲ್ದೆ ಸ್ಟಾರ್ಟ್ ಮಾಡ್ತೀಯಂತೆ?’

‘ಒಂದ್ಸಲ ಮಾಡಿದೆ ಬುದ್ಧಿ. ಹದ ಹೋಗ್ತಿತ್ತು.’

‘ಅವತ್ತು ಎತ್ತು ಹೊಡೆಸಿದ್ಯಾ ಅಂದಾಗ ಸುಮ್ಮನಿದ್ಯಲ್ಲ?’

‘ಹೇಳಾನ ಅಂತಿದ್ದೆ. ನೀವು ನಿಲ್ಲಲಿಲ್ಲ.’

‘ಮೊದ್ಲಿಂದಲೂ ಗೊತ್ತಿದ್ರೆ ದಿನಾ ಇಲ್ಲಿಗೆ ಬಂದು ಯಾಕಯ್ಯ ಕೂರ್ತಿದ್ದೆ?’

‘ಕೀ ಇಲ್ಲಿಂದ ತಗೊಂಡು ಹೋಗ್ಬೇಕು ಅಂತ ನೀವೇ ಹೇಳಿದ್ರಲ್ಲ, ಬುದ್ಧಿ.’

ಅಪ್ಪ ಅಂಗಳದಲ್ಲಿ ಅತ್ತಿತ್ತ ಓಡಾಡಿದರು. ಅವರು ಕೆಟ್ಟವರಲ್ಲ, ಅದನ್ನು ನಾನು ಇವತ್ತೂ ಹೇಳುತ್ತೇನೆ. ‘ನಿನ್ನ ಮೇಲೆ ನನಗೆ ಡೌಟಿಲ್ಲ. ಆದ್ರೆ ಗೊತ್ತಿರೋದು ಗೊತ್ತಿದೆಯಲ್ಲ. ಅದನ್ನ ನಾನು ಮರೆಯೋದು ಹ್ಯಾಗೆ? ನಿನ್ನನ್ನ ನೋಡಿದಾಗೆಲ್ಲ ಅದೇ ನೆನಪಾಗುತ್ತೆ. ನನಗೆ ಆಗಲ್ಲ ಕಣಯ್ಯ.’

‘ಯಾರು ಹೇಳಿದ್ರು ಬುದ್ಧಿ?’

‘ನನ್ನ ಮಗಳೇ. ಇಸ್ಕೂಲಲ್ಲಿ ಬರೆದಿದ್ದಾಳೆ.’

ನಾನು ಬಾಗಿಲ ಹಿಂದೆ ಇದ್ದೆ, ಎರಡು ಜಡೆ, ಯೂನಿಫಾರ್ಮು. ಡ್ರೈವರಣ್ಣ ನನ್ನನ್ನು ನೋಡಿದರು. ‘ಏನಂತ ಬರ್ದಿದೀರಾ ಅಮ್ಮಣ್ಣಿ?’

ಅಪ್ಪನೇ ಹೇಳಿದರು. ‘ನೀನು ಆನೆಸ್ಟ್ ಅಂತ.’

‘ಹಂಗಂದ್ರೆ?’

‘ಪ್ರಾಮಾಣಿಕ ಅಂತ.’

‘ಒಳ್ಳೇದಾಯ್ತು’ ಅಂದರು ಡ್ರೈವರಣ್ಣ. ಜೇಬಿನಿಂದ ಷೆಡ್ಡಿನ ಬೀಗದ ಕೈ ತೆಗೆದು ಮೆಟ್ಟಿಲ ಮೇಲೆ ಇಟ್ಟರು. ಒಳಗಿನಿಂದ ಅಜ್ಜಿ ಪೂಜೆ ಮುಗಿಸಿ ಟಿಣ್ ಅಂತ ಬಂದು ನೋಡಿದರೆ ಬೊಗಸೆಯೇ ಇಲ್ಲ.

‘ಎಲ್ಲೋ ಅವನು?’ ಅಂತ ಅಜ್ಜಿ ಕೇಳಿದರು. ಆಮೇಲೆ ಎಷ್ಟೋ ದಿನ ಅಜ್ಜಿ ಅಪ್ಪನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಹೊಸ ಡ್ರೈವರ್ ಬಂದ. ಸ್ಟಿಯರಿಂಗ್ ಬಿಟ್ಟು ಬೇರೇನೂ ಗೊತ್ತಿಲ್ಲ ಅನ್ನುವುದೇ ಅವನ ಕ್ವಾಲಿಫಿಕೇಷನ್. ಅಪ್ಪನ ತಳಮಳ ಕಮ್ಮಿಯಾಗಲಿಲ್ಲ. ಈಗ ಹಳೆಯ ಡ್ರೈವರ್ ಎಲ್ಲಿದ್ದಾನೆ, ಏನು ಮಾಡುತ್ತಿದ್ದಾನೆ ಅನ್ನುವ ಯೋಚನೆ ಬೇರೆ. ಷೆಡ್ಡಿಗೆ ಎರಡನೆಯ ಬೀಗ ಬಿತ್ತು, ಚಕ್ರಕ್ಕೆ ಸರಪಳಿ ಬಿತ್ತು. ಯಾರೂ ಅದನ್ನು ಕದಿಯಲು ಬರಲಿಲ್ಲ. ಡ್ರೈವರಣ್ಣ ಬಿಳೇಕಹಳ್ಳಿಯಲ್ಲೇ ಇದ್ದರು, ಅವರಿವರ ಗಾಡಿ ಹೊಡೆದುಕೊಂಡು, ಕೆಲಸ ಇಲ್ಲದ ದಿನ ಕಲ್ಲು ಒಡೆದುಕೊಂಡು. ನಮ್ಮ ಹೊಲದ ಪಕ್ಕದಲ್ಲೇ ಅವರ ದಾರಿ. ನನ್ನನ್ನು ಕಂಡರೆ ಸೈಕಲ್ ಇಳಿದು, ‘ಚೆನ್ನಾಗಿ ಓದ್ತಿದೀರಾ ಅಮ್ಮಣ್ಣಿ?’ ಅನ್ನುವರು. ಸಾರಿ ಅನ್ನುವ ಮಾತು ಇಂಗ್ಲಿಷಿನಲ್ಲಿ ಎಷ್ಟು ಸಲೀಸು! ಕನ್ನಡದಲ್ಲಿ ಅವರಿಗೆ ಅದನ್ನು ಹೇಗೆ ಹೇಳುವುದು ಅಂತ ನನಗೆ ಗೊತ್ತಾಗಲಿಲ್ಲ.

ನಾನು ಪಿಯುಸಿಗೆ ಬಂದಿದ್ದೆ. ಹೊಲವೆಲ್ಲ ಲೇಔಟಿಗೆ ಹೋಗುತ್ತದೆ ಅನ್ನುವ ನೋಟೀಸು ಬಂತು. ಅದೇ ತಿಂಗಳು ಅಜ್ಜಿ ತೀರಿಕೊಂಡರು. ಅಪ್ಪ ಟ್ರ್ಯಾಕ್ಟರನ್ನು ಅರೆಕೆರೆಯ ಒಬ್ಬ ಗೌಡರಿಗೆ ಮಾರಿದರು. ಅವರು ಒಯ್ಯಲು ಬರುವ ದಿನ ಬೆಳಗ್ಗೆ ಕೀ ಹುಡುಕಿದರೆ, ಇಲ್ಲ. ಅಮ್ಮ ಹಣೆ ಚಚ್ಚಿಕೊಂಡರು. ಅಜ್ಜಿಯ ವೈಕುಂಠಸಮಾರಾಧನೆಯ ದಿನ ಅವರ ಬಟ್ಟೆ ಬರೆ, ಚೊಂಬು, ಚೀಲ ಎಲ್ಲ ಪುರೋಹಿತರಿಗೆ ದಾನ ಹೋಗಿತ್ತು. ಚೀಲದ ಜೊತೆ ಕೀಯೂ. ಅಪ್ಪ ಅವರ ಮನೆಗೆ ಓಡಿದರು.

‘ಗೆಜ್ಜೆ ಕರುವಿನ ಕೊರಳಲ್ಲಿದೆ, ಬೇಕಾದ್ರೆ ಬಿಚ್ಕೊಡ್ತೀನಿ’ ಅಂದರಂತೆ ಪುರೋಹಿತರು. ‘ಆ ತುಕ್ಕು ಹಿಡಿದ ತಗಡು ಎಲ್ಲಿ ಬಿತ್ತೋ ಕಾಣೆ.’

ಹೊಸ ಡ್ರೈವರ್ ಆಗಲೇ ಕೆಲಸ ಬಿಟ್ಟಿದ್ದ. ಇದ್ದಿದ್ದರೂ ಅವನಿಗೇನು ಗೊತ್ತು? ಅಪ್ಪನ ಜೊತೆ ನಾನೂ ಹೊಲಕ್ಕೆ ಹೋದೆ. ಅಲ್ಲಿ ಗೌಡರು ಚಾರ್ಜ್ ಮಾಡಿಸಿದ ಬ್ಯಾಟರಿ ತಂದು ಹಾಕಿಸಿ ಕಾಯುತ್ತಿದ್ದರು, ಅವರ ಎತ್ತಿನ ಗಾಡಿ ಪಕ್ಕದಲ್ಲಿ. ಅಪ್ಪ ಹತ್ತು ಸಲ ಗಡಿಯಾರ ನೋಡಿ, ಕಡೆಗೆ ಡ್ರೈವರಣ್ಣನಿಗೆ ಹೇಳಿಕಳಿಸಿದರು.

ಅವರು ಬಂದರು. ಕೂದಲು ಬೆಳ್ಳಗಾಗಿತ್ತು. ಸೈಕಲ್ ಅದೇ.

‘ಅವತ್ತು ಮಾಡಿದ್ಯಲ್ಲ, ಹಾಗೇ ಒಂದ್ಸಲ ಸ್ಟಾರ್ಟ್ ಮಾಡ್ಕೊಡಯ್ಯ’ ಅಂದರು ಅಪ್ಪ, ಅವರ ಮುಖ ನೋಡದೆ.

‘ಕೀ ಕೊಡಿ ಬುದ್ಧಿ.’

‘ಕೀ ಇದ್ದಿದ್ರೆ ನಿನ್ನನ್ನ ಯಾಕೆ ಕರೀತಿದ್ದೆ?’

‘ಕೀ ಇಲ್ದೆ ನಂಗೆ ಬರಾಕಿಲ್ಲ ಬುದ್ಧಿ.’

ಗೌಡರು ನಕ್ಕರು. ‘ಏನಯ್ಯ, ಇದನ್ನೇ ಓಡಿಸ್ತಿದ್ದೋನಂತೆ?’

‘ಓಡಿಸ್ತಿದ್ದೆ ಗೌಡ್ರೆ. ಕೀ ಕೊಡೋರು, ಓಡಿಸ್ತಿದ್ದೆ.’

ನಾನು ತಡೆಯಲಾರದೆ ಹತ್ತಿರ ಹೋಗಿ, ನನ್ನ ತಲೆಯಿಂದ ಒಂದು ಪಿನ್ ಕಿತ್ತು ಅವರ ಮುಂದೆ ಚಾಚಿದೆ. ನನಗೆ ಹೇಳಲು ಬಾರದೆ ಇದ್ದದ್ದೆಲ್ಲ ಆ ಪಿನ್ನಿನಲ್ಲಿತ್ತು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು.

‘ಬೇಡಿ ಅಮ್ಮಣ್ಣಿ. ತಲೆ ಕೆದರೋಯ್ತದೆ.’

ಗೌಡರಿಗೆ ಹೊತ್ತಾಗುತ್ತಿತ್ತು. ಗಾಡಿಯಿಂದ ಎತ್ತು ಬಿಚ್ಚಿ, ಟ್ರ್ಯಾಕ್ಟರಿನ ಮೂತಿಗೆ ಹಗ್ಗ ಹಾಕಿಸಿದರು. ಯಾರಾದರೂ ಮೇಲೆ ಕೂತು ಸ್ಟಿಯರಿಂಗ್ ಹಿಡಿಯಬೇಕಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ‘ಅದಕ್ಕೆ ಕೀ ಬ್ಯಾಡ’ ಅಂದರು ಡ್ರೈವರಣ್ಣ. ಸರಪಳಿ ಬಿಚ್ಚಿ, ಸೀಟಿನ ಧೂಳನ್ನು ಹೆಗಲ ಮೇಲಿನ ವಲ್ಲಿಯಿಂದ ಒರೆಸಿ, ಹತ್ತಿ ಕೂತರು.

ಎತ್ತು ಎಳೆದವು. ನಮ್ಮ ಮಾಡರ್ನ್ ಫಾರ್ಮಿಂಗ್ ಸದ್ದಿಲ್ಲದೆ ಬನ್ನೇರುಘಟ್ಟ ರಸ್ತೆಗೆ ಇಳಿಯಿತು. ಊರ ಗಡಿಯಲ್ಲಿ ಒಂದು ಹೊಂಗೆ ಮರ, ಅದರ ಬುಡದಲ್ಲಿ ಒಂದು ಕಲ್ಲು. ಅದನ್ನು ದಾಟಿದ ಮೇಲೆ ಟ್ರ್ಯಾಕ್ಟರಿನ ಜೊತೆ ಹೋದವರೆಲ್ಲ ನಿಂತರು. ಗೌಡರ ಆಳು ಎತ್ತು ಬಿಚ್ಚುವುದು ಹೊಲದಲ್ಲೇ ಉಳಿದ ನನಗೂ ಅಪ್ಪನಿಗೂ ಅಷ್ಟು ದೂರಕ್ಕೂ ಕಂಡಿತು. ಡ್ರೈವರಣ್ಣ ಜೇಬಿಗೆ ಕೈ ಹಾಕಿ ಮುಂದಕ್ಕೆ ಬಗ್ಗಿದರು. ಒಂದು ಕೆಮ್ಮು, ಇನ್ನೊಂದು ಕೆಮ್ಮು, ಆಮೇಲೆ ದಡ ದಡ ದಡ.

ಅಪ್ಪ ಬಾವಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಅವರು ಏಳದೆ ಅಷ್ಟು ಹೊತ್ತು ಕೂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ನಾನು ಬದುವಿನ ಮೇಲೆ ಹತ್ತಿ ನಿಂತೆ. ಲಂಟಾನಾ ಬೇಲಿಯ ಮೇಲೆ ಅವರ ಬಿಳಿ ತಲೆ, ನೆಟ್ಟಗಿನ ಬೆನ್ನು. ಕೆಳಗೆ ಎರಡೂ ಮಡ್‌ಗಾರ್ಡಿನ ಮೇಲೆ ಅಪ್ಪನ ಬಿಳಿ ಅಕ್ಷರಗಳು, ಓದಲಾಗದಷ್ಟು ದೂರ, ಆದರೆ ನನಗೆ ಓದಬೇಕಾಗಿರಲಿಲ್ಲ. ಅದರ ಹಿಂದೆ ಬರಿಗೊರಳಿನ ಎತ್ತುಗಳು ನಿಧಾನವಾಗಿ ಹೋಗುತ್ತಿದ್ದವು. ಅರೆಕೆರೆಯ ತಿರುವಿನಲ್ಲಿ ಅವರು ಗೇರ್ ಬದಲಿಸಿದರು. ತಿರುಗಿ ನೋಡಲಿಲ್ಲ. ಅವರನ್ನು ನಾನು ಕಡೆಯ ಸಲ ಕಂಡದ್ದು ಹಾಗೆ, ಹಿಂದಿನಿಂದ, ನನ್ನ ಕೈಯಲ್ಲಿ ಆ ಪಿನ್ ಹಿಡಿದುಕೊಂಡೇ.